ಮಲೇರಿಯಾ ಲಸಿಕೆ ಆದ ಮಗುವಿಗೂ ಜ್ವರ: ಗ್ರೂಪ್‌ನಲ್ಲಿ ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಹಾಸನದ ಅಮ್ಮ: ಯಜಮಾನರ ಕೆಲಸ ಆಫ್ರಿಕಾದ ಮಲಾವಿಯಲ್ಲಿ, ನಾವೂ ಅಲ್ಲೇ ಇರುವುದು. ಮಗನಿಗೆ 20 ತಿಂಗಳು. ಅಲ್ಲಿ ಮಲೇರಿಯಾ ಲಸಿಕೆ 3 ಡೋಸ್ ಆಗಿದೆ, ನಾಲ್ಕನೆಯದು ಬಾಕಿ. ಊರಿಗೆ ಬಂದು 9 ದಿನ ಆಯ್ತು. ನಿನ್ನೆಯಿಂದ ಚಳಿಜ್ವರ. ಲಸಿಕೆ ಆಗಿದೆಯಲ್ಲ, ಮಲೇರಿಯಾ ಇರಲ್ಲ ಅಂತ ಇಲ್ಲೊಬ್ಬರು ಹೇಳಿದರು. ಆಂಟಿಬಾಡಿ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ?

ಡಾಕ್ಟರ್: ಆಂಟಿಬಾಡಿ ಟೆಸ್ಟ್ ಬೇಡ. ಈಗಲೇ ಆಸ್ಪತ್ರೆಗೆ ಹೋಗಿ ರಕ್ತದ ಸ್ಲೈಡ್ ಮತ್ತು ಮಲೇರಿಯಾ ಕಿಟ್ ಟೆಸ್ಟ್, ಎರಡನ್ನೂ ಮಾಡಿಸಿ. ಆಫ್ರಿಕಾದಿಂದ ಬಂದಿದ್ದೇವೆ ಅಂತ ಮೊದಲೇ ಹೇಳಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಸೊಳ್ಳೆ ಕಚ್ಚಿದಾಗ ಒಳಗೆ ಹೋಗುವ ರೋಗಾಣು ಸುಮಾರು ಒಂದು ಗಂಟೆಯೊಳಗೆ ಲಿವರ್ ಸೇರಿಬಿಡುತ್ತದೆ. ಅದರ ಮೈಮೇಲೆ ಸಿಎಸ್‌ಪಿ ಅನ್ನುವ ಪ್ರೋಟೀನ್ ಇರುತ್ತದೆ. ಲಸಿಕೆಯಿಂದ ಬರುವ ಆಂಟಿಬಾಡಿ ಆ ಪ್ರೋಟೀನನ್ನೇ ಹಿಡಿಯಬೇಕು, ಅದೂ ಅಷ್ಟು ಹೊತ್ತಿನೊಳಗೆ. ಒಂದೇ ಒಂದು ತಪ್ಪಿಸಿಕೊಂಡರೂ ಲಿವರ್‌ನಲ್ಲಿ ಸಾವಿರಾರು ಆಗುತ್ತದೆ. ಅಲ್ಲಿಂದ ರಕ್ತಕ್ಕೆ ಬರುವಾಗ ಅದು ತೊಟ್ಟಿರುವ ಅಂಗಿಯೇ ಬೇರೆ. ಈ ಆಂಟಿಬಾಡಿಗೆ ಆಗ ಅದರ ಗುರುತೇ ಸಿಗುವುದಿಲ್ಲ.

ಮೂರನೇ ಡೋಸ್ ಆದ ಮೇಲೆ ಆಂಟಿಬಾಡಿ ಚೆನ್ನಾಗಿ ಏರುತ್ತದೆ, ಕೆಲವೇ ತಿಂಗಳಲ್ಲಿ ಬಹಳ ಇಳಿಯುತ್ತದೆ. ಅದಕ್ಕೇ ನಾಲ್ಕನೇ ಡೋಸ್ ಇರುವುದು. ಇಷ್ಟು ಆಂಟಿಬಾಡಿ ಇದ್ದರೆ ಭಯವಿಲ್ಲ ಅನ್ನುವ ಒಪ್ಪಿತ ಮಟ್ಟವೂ ಇಲ್ಲ. 2019ರಲ್ಲಿ ಮಲಾವಿ, ಘಾನಾ, ಕೀನ್ಯಾದಲ್ಲಿ ಶುರುವಾದ ಮೊದಲ ಲಸಿಕೆಯನ್ನೇ ನೋಡಿ. ಅದರ ದೊಡ್ಡ ಪ್ರಯೋಗದಲ್ಲಿ 4 ಡೋಸ್ ಪಡೆದ ಮಕ್ಕಳಲ್ಲಿ 4 ವರ್ಷದಲ್ಲಿ ಮಲೇರಿಯಾ ಕಡಿಮೆಯಾದದ್ದು ಸುಮಾರು ಶೇ. 36. ಆ ಊರುಗಳಿಗೆ ಅದು ದೊಡ್ಡ ಲಾಭ. ನಿಮ್ಮ ಮಗುವಿನ ಈವತ್ತಿನ ಜ್ವರಕ್ಕೆ ಅದು ಗ್ಯಾರಂಟಿ ಅಲ್ಲ.

ಬೇಲೂರಿನ ಸದಸ್ಯ: ನಮ್ಮ ಮಗುವಿಗೂ ಈ ಲಸಿಕೆ ಹಾಕಿಸಬಹುದಾ ಸರ್?

ಡಾಕ್ಟರ್: ಇಲ್ಲಿ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇಲ್ಲ. ಸೊಳ್ಳೆ ಪರದೆ ಕಟ್ಟಿ.

ಅರಸೀಕೆರೆಯ ಸದಸ್ಯೆ: ಇನ್ನೊಂದು ಲಸಿಕೆ ಪುಣೆಯಲ್ಲೇ ತಯಾರಾಗುತ್ತದಂತೆ. ಮತ್ತೆ ನಮಗೇಕಿಲ್ಲ?

ಡಾಕ್ಟರ್: ಹೌದು, ಆರ್21. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಎರಡೂ ಲಸಿಕೆ ಫಾಲ್ಸಿಪಾರಂ ಅನ್ನುವ ಅಪಾಯದ ಮಲೇರಿಯಾಕ್ಕೆ ಮಾತ್ರ. ನಮ್ಮಲ್ಲಿ ವೈವಾಕ್ಸ್ ಅನ್ನುವ ಇನ್ನೊಂದು ಬಗೆಯ ಮಲೇರಿಯಾ ಕೂಡ ಇದೆ, ಅದಕ್ಕೆ ಇವು ಕೆಲಸ ಮಾಡುವುದಿಲ್ಲ.

ಆಲೂರಿನ ಸದಸ್ಯ: ಅಮೃತಬಳ್ಳಿ, ಪಪ್ಪಾಯಿ ಎಲೆ ರಸ ಮೂರು ದಿನ ಕೊಟ್ಟರೆ ಯಾವ ಜ್ವರವೂ ನಿಲ್ಲುತ್ತದೆ. ಫಾರ್ವರ್ಡ್ ಹಾಕಿದ್ದೇನೆ ನೋಡಿ.

ಡಾಕ್ಟರ್: ದಯವಿಟ್ಟು ಅಳಿಸಿ. ಫಾಲ್ಸಿಪಾರಂ ಆಗಿದ್ದರೆ ಈ ಮೂರು ದಿನದಲ್ಲೇ ಮಗುವಿನ ಮಿದುಳಿಗೆ ಹೊಡೆತ ಬೀಳಬಹುದು. ಹೀಗೆ ಮನೆಯಲ್ಲಿ ಕಾದು ಕೂತು, ಕೊನೆಗೆ ಫಿಟ್ಸ್ ಬಂದ ಮೇಲೆ ತಂದ ಮಗುವನ್ನು ನಾನು ನೋಡಿದ್ದೇನೆ. ಅದರ ಅಂಗೈ ಸುಣ್ಣದ ಹಾಗೆ ಬೆಳ್ಳಗಿತ್ತು.

ಆಲೂರಿನ ಸದಸ್ಯ: ನಮ್ಮಜ್ಜಿ ಕಾಲದಿಂದ ಕುಡೀತಿದ್ದೇವೆ.

ಡಾಕ್ಟರ್: ಅಳಿಸಿ ಅಂದೆ.

ಸಕಲೇಶಪುರದ ಸದಸ್ಯ: ಮಲೇರಿಯಾ ತರುವುದೇ ತೋಟಕ್ಕೆ ಬರುವ ಹೊರಗಿನ ಕೂಲಿಯವರು.

ಎಸ್ಟೇಟ್ ರೈಟರ್: ಸುಮ್ನೆ ಅವರ ಮೇಲೆ ಹಾಕಬೇಡಿ. ಕಾಫಿ ಕೊಯ್ಯಲು ಅವರೇ ಬೇಕು ನಿಮಗೆ. ಅವರಿರುವ ಲೈನ್ ಮನೆ ಹಿಂದೆ ನೀರು ನಿಂತಿದೆ, ಒಂದು ಪರದೆಯನ್ನಾದರೂ ಕೊಟ್ಟಿದ್ದೀರಾ?

ಸಕಲೇಶಪುರದ ಸದಸ್ಯ: ನಮ್ಮ ತೋಟದ ಲೆಕ್ಕ ಕೇಳಲು ನೀವು ಯಾರು?

ಬಾಣಾವರದ ಸದಸ್ಯೆ: ಡಾಕ್ಟ್ರೇ, ಬಸುರಿಯರು ಈ ಲಸಿಕೆ ತಗೋಬಹುದಾ?

ಹೊಳೆನರಸೀಪುರದ ಸದಸ್ಯ: ನಮ್ಮ ಮಗುವಿಗೆ ಹಾಕಿಸಬಹುದಾ ಸರ್?

ಡಾಕ್ಟರ್: ಮಗುವಿನ ವಿಷಯ ಮೇಲೆ ಹೇಳಿದ್ದೇನೆ. ಓದಿ.

ಹಾಸನದ ಅಮ್ಮ: ಸರ್, ಸ್ಲೈಡ್, ಕಿಟ್ ಎರಡೂ ನೆಗೆಟಿವ್. ಮನೆಗೆ ಬಂದೆವು.

ಸಕಲೇಶಪುರದ ಸದಸ್ಯ: ನೋಡಿದ್ರಾ, ಸುಮ್ನೆ ಹೆದರಿಸಿದರು.

ಡಾಕ್ಟರ್: ನೀವು ಸ್ವಲ್ಪ ಸುಮ್ಮನಿರಿ. ಅಮ್ಮಾ, ಒಂದು ನೆಗೆಟಿವ್ ಸಾಲದು. ಶುರುವಿನಲ್ಲಿ ರಕ್ತದಲ್ಲಿ ರೋಗಾಣು ಕಡಿಮೆ ಇದ್ದರೆ ಕಾಣಿಸದೇ ಹೋಗಬಹುದು. ನಾಳೆ ಬೆಳಿಗ್ಗೆ ಮತ್ತೆ ಸ್ಲೈಡ್, ನಾಡಿದ್ದು ಇನ್ನೊಂದು. ಲಸಿಕೆ ಕಾರ್ಡ್ ಜೊತೆಗಿರಲಿ. ರಾತ್ರಿ ತೂಕಡಿಕೆ ಜಾಸ್ತಿ ಆದರೆ, ಹಾಲು ಬಿಟ್ಟರೆ, ಉಸಿರು ಜೋರಾದರೆ ಬೆಳಗಾಗುವವರೆಗೆ ಕಾಯಬೇಡಿ.

ಹಾಸನದ ಅಮ್ಮ: ಈಗ ಮಲಗಿದ್ದಾನೆ. ಎಬ್ಬಿಸಿ ನೋಡಲಾ?

ಡಾಕ್ಟರ್: ಎಬ್ಬಿಸಿ. ಕಣ್ಣು ಬಿಟ್ಟು ನಿಮ್ಮನ್ನು ನೋಡುತ್ತಾನಾ, ಹೇಳಿ.