ಹೋರಿಯ ಗುಣ ಹೋರಿಯಲ್ಲಿ ಕಾಣುವುದಿಲ್ಲ: ಹೈನುರಾಸು ತಳಿ ಸಂಶೋಧನೆಯ ಪ್ರಶ್ನೋತ್ತರ

ಹೈನುರಾಸುಗಳ ತಳಿ ಸುಧಾರಣೆಯ ಸಂಶೋಧನೆ ನನ್ನ ಕೆಲಸ. ಕೊಟ್ಟಿಗೆಯಲ್ಲಿ ಕಳೆಯುವುದಕ್ಕಿಂತ ಹೆಚ್ಚು ಹೊತ್ತನ್ನು ಕೊಟ್ಟಿಗೆಗಳಿಂದ ಬಂದ ಅಂಕಿಗಳ ಮುಂದೆ ಕಳೆಯುತ್ತೇನೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಯಿಲೆ ಬಿದ್ದ ಹಸುವಿಗೆ ಔಷಧಿ ಬೇಕಿದ್ದರೆ ಅದನ್ನು ಮುಟ್ಟಿ ನೋಡುವ ಪಶುವೈದ್ಯರನ್ನು ಕೇಳಿ. ಹೋರಿ, ಬೆದೆ, ಗರ್ಭ, ಕರು ಇವುಗಳ ಬಗ್ಗೆ ಸಂಶೋಧನೆ ಏನು ಕಂಡುಕೊಂಡಿದೆ ಎಂಬುದನ್ನು ನನ್ನನ್ನು ಕೇಳಬಹುದು.

ಪ್ರಶ್ನೆ: ಹೋರಿ ಹಾಲು ಕೊಡುವುದಿಲ್ಲ. ಆದರೂ ವೀರ್ಯದ ಪಟ್ಟಿಯಲ್ಲಿ ಪ್ರತಿ ಹೋರಿಯ ಮುಂದೆ ‘ಹಾಲು: ಇಷ್ಟು ಕಿಲೋ ಹೆಚ್ಚು’ ಎಂದು ಬರೆದಿರುತ್ತದೆ. ಇದು ಲೆಕ್ಕವೋ, ಅಂದಾಜೋ?

ಉತ್ತರ: ಲೆಕ್ಕವೇ. ಅದರೊಳಗೆ ಅಂದಾಜು ಎಷ್ಟಿದೆ ಎಂಬುದನ್ನೂ ಪಕ್ಕದಲ್ಲೇ ‘ವಿಶ್ವಾಸಾರ್ಹತೆ’ ಎಂದು ಶೇಕಡಾವಾರಿನಲ್ಲಿ ಬರೆದಿರುತ್ತಾರೆ. ನಾವು ಆ ಸಾಲನ್ನು ಓದುವುದಿಲ್ಲ, ಅಷ್ಟೆ.

ಹಳೆಯ ದಾರಿ ಸಂತತಿ ಪರೀಕ್ಷೆ. ಹೋರಿಯ ವೀರ್ಯವನ್ನು ಬೇರೆ ಬೇರೆ ಕೊಟ್ಟಿಗೆಗಳಿಗೆ ಕಳಿಸಿ, ಹುಟ್ಟಿದ ಹೆಣ್ಣುಕರುಗಳು ಬೆಳೆದು ಈದು ಹಾಲು ಕರೆಯುವವರೆಗೆ ಕಾಯಬೇಕು. ಒಂದೇ ಕೊಟ್ಟಿಗೆ ಸಾಲದು; ಮೇವು ಚೆನ್ನಾಗಿದ್ದ ಕಡೆ ಎಲ್ಲ ಹೋರಿಗಳ ಮಕ್ಕಳೂ ಒಳ್ಳೆಯವೇ ಆಗಿ ಕಾಣುತ್ತವೆ. ನಾಲ್ಕೈದು ಮಕ್ಕಳೂ ಸಾಲವು. ಹೋರಿ ಪ್ರತಿ ಕರುವಿಗೂ ತನ್ನ ವಂಶವಾಹಿಗಳಲ್ಲಿ ಅರ್ಧವನ್ನು ಮಾತ್ರ ಕೊಡುತ್ತದೆ, ಅದೂ ಪ್ರತಿ ಸಲ ಬೇರೊಂದು ಅರ್ಧವನ್ನು. ಐವತ್ತರಿಂದ ನೂರು ಹೆಣ್ಣುಮಕ್ಕಳ ದಾಖಲೆ ಸಿಕ್ಕ ಮೇಲೆಯೇ ಚಿತ್ರ ತಿಳಿಯಾಗುವುದು. ಹೋರಿ ವೀರ್ಯ ಕೊಡಲು ಒಂದು ವರ್ಷ, ಗರ್ಭಕ್ಕೆ ಒಂಬತ್ತು ತಿಂಗಳು, ಹುಟ್ಟಿದ ಕಡಸು ಈಯಲು ಎರಡು ವರ್ಷವಾದರೂ ಬೇಕು, ಅದರ ಮೇಲೆ 305 ದಿನಗಳ ಒಂದು ಸೂಲು. ಫಲಿತಾಂಶ ಕೈಗೆ ಬರುವ ಹೊತ್ತಿಗೆ ಹೋರಿಗೆ ಐದು ವರ್ಷ ಮೀರಿರುತ್ತದೆ.

2001ರಲ್ಲಿ ಮ್ಯೂವಿಸ್ಸೆನ್, ಹೇಯ್ಸ್ ಮತ್ತು ಗೊಡಾರ್ಡ್ ಎಂಬ ಮೂವರು ವಿಜ್ಞಾನಿಗಳು ಈ ಕಾಯುವಿಕೆಯನ್ನು ತಪ್ಪಿಸುವ ದಾರಿಯೊಂದನ್ನು ಕಾಗದದ ಮೇಲೆ ತೋರಿಸಿದರು. ಒಂದೊಂದೇ ವಂಶವಾಹಿಯನ್ನು ಹುಡುಕುತ್ತಾ ಕೂರುವುದು ಬೇಡ. ಡಿಎನ್‌ಎ ಉದ್ದಕ್ಕೂ ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿ, ಪ್ರತಿಯೊಂದರ ಚಿಕ್ಕ ಚಿಕ್ಕ ಪರಿಣಾಮವನ್ನು ಕೂಡಿಸಿದರೆ ಸಾಕು ಎಂಬುದು ಅವರ ವಾದ. ಆಗ ಅಷ್ಟು ಗುರುತುಗಳನ್ನು ಅಗ್ಗವಾಗಿ ಓದುವ ಸಾಧನವೇ ಇರಲಿಲ್ಲ. ಸುಮಾರು 50,000 ಗುರುತುಗಳನ್ನು ಓದುವ ಚಿಪ್ ಬಂದ ಮೇಲೆ, 2009ರಲ್ಲಿ ಅಮೆರಿಕ ಹೋಲ್‌ಸ್ಟೀನ್ ಮತ್ತು ಜರ್ಸಿ ತಳಿಗಳಿಗೆ ಅಧಿಕೃತ ಜೀನೋಮಿಕ್ ಮೌಲ್ಯಮಾಪನ, ಅಂದರೆ ಈ ಗುರುತುಗಳನ್ನು ಓದಿ ಬೆಲೆ ಕಟ್ಟುವ ಕ್ರಮ, ಆರಂಭಿಸಿತು. ತಂದೆತಾಯಿಯನ್ನು ನೋಡಿ ಮಾತ್ರ ಹೇಳಿದರೆ ಎಳೆಯ ಹೋರಿಯ ವಿಶ್ವಾಸಾರ್ಹತೆ ಶೇ. 35ರ ಆಸುಪಾಸು. ಚಿಪ್ ಅದನ್ನು ಶೇ. 70ರ ಹತ್ತಿರಕ್ಕೆ ಒಯ್ದಿತು. ಕರುವಿನ ಕಿವಿಯಿಂದ ತೆಗೆದ ಚೂರು ಚರ್ಮದಲ್ಲಿ ಇಷ್ಟು ತಿಳಿಯುತ್ತದೆ.

ಆದರೆ ಚಿಪ್‌ಗೆ ಸ್ವಂತ ಬುದ್ಧಿ ಇಲ್ಲ. ಯಾವ ಗುರುತು ಹಾಲಿಗೆ ಒಳ್ಳೆಯದು ಎಂದು ಅದಕ್ಕೆ ಕಲಿಸಿದ್ದು, ಕೊಟ್ಟಿಗೆಗಳಲ್ಲಿ ದಶಕಗಳ ಕಾಲ ಹಾಲು ಅಳೆದು ಬರೆದಿಟ್ಟವರು. ಹೋಲ್‌ಸ್ಟೀನ್ ಹಸುಗಳ ದಾಖಲೆಯಿಂದ ಕಲಿತ ಸೂತ್ರವನ್ನು ಬೇರೊಂದು ತಳಿಗೆ ಹಚ್ಚಿದರೆ ಅದು ಬಹುಪಾಲು ಕುರುಡು. ಅಳತೆ ನಿಂತರೆ ಚಿಪ್ಪಿನ ಜ್ಞಾನವೂ ಹಳಸುತ್ತದೆ.

ಇನ್ನೊಂದು ಮಾತು. ‘500 ಕಿಲೋ ಹೆಚ್ಚು’ ಎಂದರೆ ಮಗಳು ತನ್ನ ತಾಯಿಗಿಂತ 500 ಕಿಲೋ ಹೆಚ್ಚು ಕರೆಯುತ್ತಾಳೆ ಎಂದಲ್ಲ. ಆ ಪಟ್ಟಿಯ ಆಧಾರ ರೇಖೆಗೆ, ಅಂದರೆ ಹೋಲಿಕೆಗೆಂದು ಇಟ್ಟುಕೊಂಡ ಗುಂಪಿನ ಸರಾಸರಿಗೆ, ಹೋಲಿಸಿದ ಅಂತರ ಅದು. ಎರಡು ಹೋರಿಗಳನ್ನು ತೂಗಿ ನೋಡಲು ಬಳಸಿ. ನಾಳಿನ ಹಾಲನ್ನು ಇಂದೇ ಎಣಿಸಲು ಬೇಡ.

ಪ್ರಶ್ನೆ: ಮೂರು ತಲೆಮಾರಿನಿಂದ ಹಾಲಿನಲ್ಲಿ ಮೇಲಿರುವ ಹೋರಿಯನ್ನೇ ಆರಿಸುತ್ತಾ ಬಂದೆ. ಹಾಲು ಏರಿದೆ, ಸುಳ್ಳಲ್ಲ. ಆದರೆ ಹಸುಗಳು ಗಬ್ಬ ಕಟ್ಟುತ್ತಿಲ್ಲ. ತಪ್ಪು ಹೋರಿಯದೋ, ನನ್ನದೋ?

ಉತ್ತರ: ನೀವು ಮಾಡಿದ್ದನ್ನೇ ಇಡೀ ಜಗತ್ತು ನಲವತ್ತು ವರ್ಷ ಮಾಡಿತು. ತಪ್ಪಿನಲ್ಲಿ ಪಾಲು ನನ್ನಂಥವರದೂ ಇದೆ.

ಹಾಲಿನ ಪ್ರಮಾಣದಲ್ಲಿ ಹಸುವಿನಿಂದ ಹಸುವಿಗೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ. 30 ವಂಶದಿಂದ ಬಂದದ್ದು. ಗರ್ಭಧಾರಣೆಯ ಗುಣಗಳಲ್ಲಿ ಅದು ಶೇ. 5ಕ್ಕಿಂತಲೂ ಕಡಿಮೆ, ಉಳಿದದ್ದೆಲ್ಲ ಮೇವು, ಆರೈಕೆ, ಬೆದೆ ನೋಡುವ ಕಣ್ಣು. ಈ ಅಂಕಿಯನ್ನು ನೋಡಿ ‘ಫಲವಂತಿಕೆಯನ್ನು ತಳಿಯಿಂದ ಸುಧಾರಿಸಲಾಗದು’ ಎಂದು ಬಹಳ ಜನ ಕೈತೊಳೆದುಕೊಂಡರು. ಎಡವಿದ್ದು ಅಲ್ಲೇ. ಶೇಕಡಾವಾರು ಚಿಕ್ಕದಾದರೂ ಹೋರಿ ಹೋರಿಗಳ ನಡುವಿನ ನಿಜವಾದ ಅಂತರ ಚಿಕ್ಕದಲ್ಲ. ಅದನ್ನು ಕಾಣಲು ಹೆಚ್ಚು ಹೆಣ್ಣುಮಕ್ಕಳ ದಾಖಲೆ ಬೇಕು, ಅಷ್ಟೇ. ಈ ನಡುವೆ ಹಾಲಿಗೂ ಫಲವಂತಿಕೆಗೂ ವಂಶದ ಮಟ್ಟದಲ್ಲಿ ವೈರವಿದ್ದುದರಿಂದ, ಒಂದನ್ನು ಮೇಲೆಳೆದಂತೆ ಇನ್ನೊಂದು ಸದ್ದಿಲ್ಲದೆ ಕೆಳಗಿಳಿಯಿತು.

ನಾರ್ವೆಯವರು ಈ ಗುಂಪಿಗೆ ಸೇರಲಿಲ್ಲ. 1970ರ ದಶಕದಲ್ಲೇ ಪ್ರತಿ ಹಸುವಿನ ಚಿಕಿತ್ಸೆಯನ್ನೂ ದಾಖಲಿಸತೊಡಗಿ, 1978ರಿಂದ ಕೆಚ್ಚಲು ಬಾವನ್ನು ಹೋರಿಯ ಆಯ್ಕೆಯಲ್ಲೇ ಸೇರಿಸಿದರು. ಹಾಲಿನಲ್ಲಿ ಸ್ವಲ್ಪ ನಿಧಾನ ಎಂದು ಅವರ ಕೆಂಪು ಹಸುವನ್ನು ಹೀಗಳೆದವರು ಆಮೇಲೆ ಅದರ ವೀರ್ಯವನ್ನೇ ತರಿಸಿಕೊಂಡರು. ಅಮೆರಿಕ ಹೆಣ್ಣುಮಕ್ಕಳ ಗರ್ಭಧಾರಣೆಯನ್ನು ಹೋರಿಯ ಅಂಕಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಅಲ್ಲಿಂದ ಮುಂದೆ ಇಳಿಜಾರು ನಿಂತಿತು. ನೀವೂ ಮುಂದಿನ ಹೋರಿಯಲ್ಲಿ ಆ ಸಾಲನ್ನು ನೋಡಿ, ಹಾಲಿನಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಪರವಾಗಿಲ್ಲ.

ಈಗ ಕೊಟ್ಟಿಗೆಯಲ್ಲಿರುವ ಹಸುಗಳ ಮಾತು. ಹೆಚ್ಚು ಹಾಲಿನ ಹಸು ಹೆಚ್ಚು ತಿನ್ನುತ್ತದೆ, ಅದರ ಯಕೃತ್ತಿನ ಮೂಲಕ ಹೆಚ್ಚು ರಕ್ತ ಹರಿಯುತ್ತದೆ, ಆ ಯಕೃತ್ತು ಬೆದೆಯ ಹಾರ್ಮೋನನ್ನು ಬೇಗ ಬೇಗ ಒಡೆದುಹಾಕುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 40 ಕಿಲೋ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಕರೆಯುವ ಹಸುಗಳಲ್ಲಿ ಬೆದೆ ಸರಾಸರಿ ಆರು ಗಂಟೆ ಇತ್ತು. ಅದಕ್ಕಿಂತ ಕಡಿಮೆ ಕರೆಯುವವುಗಳಲ್ಲಿ ಹನ್ನೊಂದು ಗಂಟೆ. ಇನ್ನೊಂದು ಹಸು ಮೇಲೇರಿದಾಗ ಅಲುಗದೆ ನಿಂತ ಕ್ಷಣಗಳನ್ನೆಲ್ಲ ಕೂಡಿಸಿದರೂ ಎರಡೂ ಗುಂಪಿನಲ್ಲಿ ಅರ್ಧ ನಿಮಿಷವಾಗಲಿಲ್ಲ! ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಇಣುಕಿ ನೋಡಿ ‘ಬೆದೆಗೇ ಬರುತ್ತಿಲ್ಲ’ ಎನ್ನುವ ಹಸುಗಳಲ್ಲಿ ಎಷ್ಟೋ ರಾತ್ರಿ ಬಂದು ಹೋಗಿರುತ್ತವೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಎಂಬ ನಿಯಮ 1940ರ ದಶಕದ ಪ್ರಯೋಗಗಳಿಂದ ಬಂದದ್ದು. ಅಂಡ ಬಿಡುಗಡೆಯಾಗುವುದು ಬೆದೆ ಆರಂಭವಾಗಿ ಸುಮಾರು 28 ಗಂಟೆಗಳ ನಂತರವಾದ್ದರಿಂದ ಆ ನಿಯಮ ಇಂದಿಗೂ ಒಳ್ಳೆಯ ಊರುಗೋಲು. ಬೆದೆ ಕಾಣುವುದೇ ಇಲ್ಲವೆಂದಾದರೆ ಹಾರ್ಮೋನು ಕೊಟ್ಟು ನಿಗದಿತ ಗಂಟೆಗೆ ಗರ್ಭಧಾರಣೆ ಮಾಡುವ ಕ್ರಮವೂ 1995ರಿಂದ ಬಳಕೆಯಲ್ಲಿದೆ. ಅದನ್ನು ವೈದ್ಯರೇ ನಿರ್ಧರಿಸಲಿ.

ಇನ್ನೊಬ್ಬರ ಪ್ರಶ್ನೆ: ಒಪ್ಪುವುದಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಹಾಲಿನ ಹಸುವೇ ಎಲ್ಲಕ್ಕಿಂತ ಬೇಗ ಗಬ್ಬ ಕಟ್ಟಿತು. ನಿಮ್ಮ ‘ವೈರ’ ಎಲ್ಲಿ ಹೋಯಿತು?

ಉತ್ತರ: ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ಒಂದೇ ಕೊಟ್ಟಿಗೆಯೊಳಗೆ ಆರೋಗ್ಯವಾಗಿದ್ದು, ಚೆನ್ನಾಗಿ ತಿಂದ ಹಸು ಹಾಲನ್ನೂ ಕೊಡುತ್ತದೆ, ಗಬ್ಬವನ್ನೂ ಕಟ್ಟುತ್ತದೆ; ಈದ ಮೇಲೆ ಕಾಯಿಲೆ ಬಿದ್ದದ್ದು ಎರಡರಲ್ಲೂ ಸೋಲುತ್ತದೆ. ವಂಶದ ವೈರ ಕಾಣುವುದು ಸಾವಿರಾರು ಹೆಣ್ಣುಮಕ್ಕಳ ಸರಾಸರಿಯಲ್ಲಿ. ಒಂದು ಹಸುವಿನಿಂದ ಅದನ್ನು ಸಾಬೀತು ಮಾಡಲೂ ಆಗದು, ಸುಳ್ಳಾಗಿಸಲೂ ಆಗದು.

ಪ್ರಶ್ನೆ: ಗರ್ಭ ನಿಂತಿದೆ ಎಂದು ಖಚಿತವಾದ ಹಸು ಕೆಲವು ವಾರಗಳ ಮೇಲೆ ಮತ್ತೆ ಬೆದೆಗೆ ಬಂತು. ಸೋಂಕಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಇದಕ್ಕೆ ಹೋರಿ ಕಾರಣವಾಗಿರಬಹುದೇ?

ಉತ್ತರ: ಇರಬಹುದು. ಒಂದು ಹಸುವಿನ ಮೇಲೆ ತೀರ್ಪು ಕೊಡಲಾರೆ. ಆದರೆ ನಮ್ಮ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಕಥೆ ಇದೇ ಪ್ರಶ್ನೆಯ ಸುತ್ತ ಇದೆ.

1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ ಸುಮಾರು 16,000 ಹೆಣ್ಣುಮಕ್ಕಳಿದ್ದವು, ಮೊಮ್ಮಕ್ಕಳು ಐದು ಲಕ್ಷ. ಹಾಲಿನಲ್ಲಿ ಅಂಥ ಹೋರಿ ಅಪರೂಪ. ಅದರ ಒಂದು ವಂಶವಾಹಿಯಲ್ಲಿ ದೋಷವೊಂದು ಅಡಗಿತ್ತು. ಭ್ರೂಣದಲ್ಲಿ ಬೇಡವಾದ ಜೀವಕೋಶಗಳು ಕ್ರಮವಾಗಿ ಸಾಯಲು ಬೇಕಾದ ವಂಶವಾಹಿ ಅದು. ಒಂದು ಪ್ರತಿ ಕೆಟ್ಟಿದ್ದರೆ ಹಸುವಿಗೆ ಏನೂ ಆಗದು. ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಚೀಫ್‌ನ ರಕ್ತ ತಳಿಯ ತುಂಬ ಹರಡಿ, ಅದರ ವಂಶಸ್ಥರು ಒಬ್ಬರನ್ನೊಬ್ಬರು ಕೂಡತೊಡಗಿದಾಗ ಈ ನಷ್ಟ ಆರಂಭವಾಯಿತು. ಯಾರಿಗೂ ಗೊತ್ತಾಗಲಿಲ್ಲ; ಹುಟ್ಟದ ಕರುವಿನ ಬಗ್ಗೆ ದೂರು ಕೊಡುವವರು ಯಾರು?

2011ರಲ್ಲಿ ಅಮೆರಿಕದ ವಿಜ್ಞಾನಿ ವ್ಯಾನ್‌ರಾಡೆನ್ ಮತ್ತು ಸಂಗಡಿಗರು ಇಲ್ಲದವರನ್ನು ಎಣಿಸಿದರು. ಚಿಪ್‌ನಿಂದ ಓದಿದ ಸಾವಿರಾರು ಹಸುಗಳಲ್ಲಿ ಪ್ರತಿ ಡಿಎನ್‌ಎ ತುಣುಕೂ ಜೋಡಿಯಾಗಿ ಎಷ್ಟು ಸಲ ಕಾಣಬೇಕು ಎಂದು ಲೆಕ್ಕ ಹಾಕಿದರು. ಕೆಲವು ತುಣುಕುಗಳು ಒಂಟಿಯಾಗಿ ಬೇಕಾದಷ್ಟು ಕಡೆ ಇದ್ದವು, ಜೋಡಿಯಾಗಿ ಮಾತ್ರ ಒಂದೂ ಇಲ್ಲ. ಜೋಡಿಯಾಗಿ ಬಂದವರು ಹುಟ್ಟಿಯೇ ಇಲ್ಲ ಎಂಬುದು ಅದರ ಅರ್ಥ. ಸತ್ತ ಒಂದು ಭ್ರೂಣವನ್ನೂ ನೋಡದೆ ಮಾರಕ ದೋಷಗಳನ್ನು ಹಿಡಿದದ್ದು ಹೀಗೆ. 2016ರ ಅಂದಾಜಿನಂತೆ ಚೀಫ್‌ನ ಒಂದು ದೋಷದಿಂದ ಜಗತ್ತಿನಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಾಗಿವೆ, ನಷ್ಟ 42 ಕೋಟಿ ಡಾಲರ್. ಅದೇ ಲೆಕ್ಕದ ಇನ್ನೊಂದು ಬದಿಯಲ್ಲಿ ಅದೇ ಹೋರಿಯ ಹಾಲಿನ ಗುಣದಿಂದಾದ ಲಾಭ 3,000 ಕೋಟಿ ಡಾಲರ್. ಚೀಫ್ ಖಳನೋ ನಾಯಕನೋ, ನೀವೇ ಹೇಳಿ.

ಈಗ ಹೆಚ್ಚಿನ ಹೋಲ್‌ಸ್ಟೀನ್ ಹೋರಿಗಳ ಪಟ್ಟಿಯಲ್ಲಿ ‘ಎಚ್‌ಎಚ್1’ (ಚೀಫ್‌ನ ಆ ದೋಷಕ್ಕೆ ಇಟ್ಟ ಹೆಸರು) ವಾಹಕವೇ, ಅಂದರೆ ಒಂದು ಕೆಟ್ಟ ಪ್ರತಿಯನ್ನು ಹೊತ್ತದ್ದೇ, ಅಲ್ಲವೇ ಎಂದು ನಮೂದಿರುತ್ತದೆ. ವಾಹಕ ಹೋರಿ, ವಾಹಕ ಹಸು ಕೂಡಿದರೆ ನಾಲ್ಕರಲ್ಲೊಂದು ಭ್ರೂಣ ಹೋಗುತ್ತದೆ. ಹಾಗೆಂದು ವಾಹಕ ಹೋರಿಯನ್ನು ಎಸೆಯಬೇಕಿಲ್ಲ. ವಾಹಕವಲ್ಲದ ಹಸುವಿಗೆ ಬಳಸಿದರೆ ಈ ದೋಷದಿಂದ ಭ್ರೂಣ ಸಾಯುವುದಿಲ್ಲ. ಪಟ್ಟಿ ಕೈಯಲ್ಲಿಲ್ಲದವರು ಕನಿಷ್ಠ ಪಕ್ಷ ತಂದೆಯನ್ನೇ ಮಗಳಿಗೆ ಬಳಸದಿರಿ. ಅದು ಆಗಾಗ ನಡೆಯುತ್ತದೆ, ಬೇಕೆಂದಲ್ಲ, ತಂದೆ ಯಾರೆಂದು ಬರೆದಿಟ್ಟಿರುವುದಿಲ್ಲವಾದ್ದರಿಂದ.

ಪ್ರಶ್ನೆ: ಮೊದಲ ಮಿಶ್ರತಳಿ ಹಸು ಬಂಗಾರದಂತಿತ್ತು. ಅಂಥದ್ದೇ ಮಿಶ್ರತಳಿ ಹೋರಿಯಿಂದ ಅದರ ಕರು ಪಡೆದೆ. ಆ ಕರು ತಾಯಿಯ ಹತ್ತಿರಕ್ಕೂ ಬರಲಿಲ್ಲ.

ಉತ್ತರ: ಎರಡು ದೂರದ ತಳಿಗಳು ಮೊದಲ ಸಲ ಕೂಡಿದಾಗ ಪ್ರತಿ ವಂಶವಾಹಿಯಲ್ಲೂ ಒಂದು ಪ್ರತಿ ಅತ್ತಲಿಂದ, ಒಂದು ಇತ್ತಲಿಂದ. ಒಂದರ ಹುಳುಕನ್ನು ಇನ್ನೊಂದು ಮುಚ್ಚುತ್ತದೆ. ಸಂಕರ ಹುರುಪು ಎನ್ನುವುದು ಇದನ್ನೇ. ಮಿಶ್ರತಳಿಯನ್ನು ಮಿಶ್ರತಳಿಯೊಂದಿಗೆ ಕೂಡಿಸಿದಾಗ ಅರ್ಧದಷ್ಟು ಕಡೆ ಎರಡೂ ಪ್ರತಿಗಳು ಮತ್ತೆ ಒಂದೇ ತಳಿಯವಾಗುತ್ತವೆ, ಹುರುಪೂ ಅರ್ಧಕ್ಕಿಳಿಯುತ್ತದೆ. ಮೂರು ತಳಿಗಳ ಶುದ್ಧ ಹೋರಿಗಳನ್ನು ಸರದಿಯಂತೆ ಬಳಸಿದರೆ ಶೇ. 86ರಷ್ಟು ಹುರುಪು ಉಳಿಯುತ್ತದೆ, ಎರಡೇ ತಳಿಯ ಸರದಿಯಾದರೆ ಶೇ. 67. ನಿಮ್ಮ ಕರುವಿನಲ್ಲಿ ಕುಂದೇನೂ ಇಲ್ಲ, ಅದರ ತಾಯಿಯೇ ವಿಶೇಷವಾಗಿತ್ತು.

ಪ್ರಶ್ನೆ: ಅವಳಿ ಕರು, ಒಂದು ಗಂಡು ಒಂದು ಹೆಣ್ಣು. ಹೆಣ್ಣನ್ನು ಸಾಕಬಹುದೇ?

ಉತ್ತರ: ಪ್ರೀತಿಗೆ ಸಾಕಬಹುದು, ಹಾಲಿಗೆ ನೆಚ್ಚಬೇಡಿ. ಗರ್ಭದಲ್ಲಿ ಎರಡರ ರಕ್ತನಾಳಗಳು ಕೂಡಿಕೊಂಡು ಗಂಡಿನ ಹಾರ್ಮೋನು ಹೆಣ್ಣಿಗೆ ಹರಿದಿರುತ್ತದೆ. ಇಂಥ ಹೆಣ್ಣುಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೊಡ್ಡು. ಒಂದು ರಕ್ತ ಪರೀಕ್ಷೆಯಲ್ಲಿ ಖಚಿತವಾಗುತ್ತದೆ.

ಪ್ರಶ್ನೆ: ಎ2 ಹಾಲಿಗಾಗಿ ಹೋರಿ ಬದಲಿಸಬೇಕೇ?

ಉತ್ತರ: ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ 67ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಅದೇ ಎ1, ಎ2. ಎ2ಎ2 ಹೋರಿಗಳು, ಅಂದರೆ ಆ ವಂಶವಾಹಿಯ ಎರಡೂ ಪ್ರತಿಗಳು ಎ2 ಆಗಿರುವವು, ಬೇಕಾದಷ್ಟಿವೆ. ಉಳಿದ ಗುಣಗಳೂ ಚೆನ್ನಾಗಿದ್ದರೆ ಬಳಸಿ. ಎ1 ಹಾಲು ರೋಗ ತರುತ್ತದೆ ಎಂಬುದಕ್ಕೆ ಕಾರಣ-ಪರಿಣಾಮದ ಆಧಾರ ಸಿಕ್ಕಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಹೇಳಿತು. ಕೆಚ್ಚಲಿನ ರಚನೆ, ಫಲವಂತಿಕೆ ಎಲ್ಲವನ್ನೂ ಬಿಟ್ಟು ಈ ಒಂದೇ ಅಕ್ಷರದ ಹಿಂದೆ ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಒಳ್ಳೆಯ ಹೋರಿಯ ಕರು ಹುಟ್ಟಿದೆ. ಇನ್ನು ಎಲ್ಲ ವಂಶದ ಕೈಯಲ್ಲಿ ತಾನೇ?

ಉತ್ತರ: ಅಲ್ಲ. ಹಸುವಿನ ಗರ್ಭಕೋಶದಲ್ಲಿ ತಾಯಿಯ ರೋಗನಿರೋಧಕ ಕಣಗಳು ಕರುವಿಗೆ ದಾಟುವುದಿಲ್ಲ. ಅದು ರಕ್ಷಣೆಯಿಲ್ಲದೆ ಹುಟ್ಟುತ್ತದೆ. ಗಿಣ್ಣು ಹಾಲಿನಿಂದಲೇ ಅದನ್ನು ಪಡೆಯಬೇಕು, ಮತ್ತು ಅದನ್ನು ಹೀರುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಒಂದು ದಿನದೊಳಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಕರುವಿನ ತೂಕದ ಹತ್ತನೆಯ ಒಂದು ಭಾಗ ಕುಡಿಸಿ. ಗಿಣ್ಣಿನ ಗುಣ ತಿಳಿಯಲು ಸಕ್ಕರೆ ಅಂಶ ಅಳೆಯುವ ಬ್ರಿಕ್ಸ್ ಮಾಪಕ ಸಾಕು. 22 ಅಥವಾ ಹೆಚ್ಚು ತೋರಿಸಿದರೆ ಒಳ್ಳೆಯದು.

ಆರೈಕೆ ಹುಟ್ಟುವ ಮೊದಲೇ ಶುರುವಾಗುತ್ತದೆ. ಫ್ಲಾರಿಡಾದ ಪ್ರಯೋಗಗಳಲ್ಲಿ, ಹಾಲು ಬತ್ತಿಸಿದ ಕೊನೆಯ ತಿಂಗಳುಗಳಲ್ಲಿ ನೆರಳು ಮಾತ್ರ ಪಡೆದ ಹಸುಗಳ ಹೆಣ್ಣುಮಕ್ಕಳು, ಫ್ಯಾನು ಮತ್ತು ನೀರಿನ ತಂಪನ್ನೂ ಪಡೆದವುಗಳ ಮಕ್ಕಳಿಗಿಂತ ಮೊದಲ ಸೂಲಿನಲ್ಲಿ ದಿನಕ್ಕೆ ಎರಡು ಕಿಲೋಗಿಂತ ಹೆಚ್ಚು ಹಾಲು ಕಡಿಮೆ ಕೊಟ್ಟವು. ಹಾಲಿಲ್ಲದ ಹಸುವಿಗೆ ಫ್ಯಾನೇಕೆ ಎನ್ನುವವರಿಗೆ ಈ ಅಂಕಿಯನ್ನು ತೋರಿಸುತ್ತೇನೆ.

ಪ್ರಶ್ನೆ: ನನ್ನ ಬಳಿ ಎಂಟೇ ಹಸುಗಳು. ಚಿಪ್ಪು, ಜೀನೋಮ್ ಯಾವುದೂ ಇಲ್ಲ. ಏನು ಬರೆದಿಡಲಿ?

ಉತ್ತರ: ಒಂದು ಪುಸ್ತಕ, ಹಸುವಿಗೆ ಒಂದು ಪುಟ. ಈದ ದಿನ, ಬೆದೆ ಕಂಡ ಹೊತ್ತು, ತಿಂಗಳಿಗೊಮ್ಮೆ ಒಂದು ಪೂರ್ತಿ ದಿನದ ಹಾಲಿನ ಅಳತೆ, ಕೆಚ್ಚಲು ಬಾವು ಬಂದ ದಿನ, ಬಳಸಿದ ಹೋರಿಯ ಸಂಖ್ಯೆ. ಆ ಸಂಖ್ಯೆ ವೀರ್ಯದ ಕಡ್ಡಿಯ ಮೇಲೆಯೇ ಅಚ್ಚಾಗಿರುತ್ತದೆ. ಗರ್ಭಧಾರಣೆ ಮುಗಿದ ಮೇಲೆ ಖಾಲಿ ಕಡ್ಡಿಯನ್ನು ಕೇಳಿ ಪಡೆದು, ಎಸೆಯುವ ಮೊದಲು ನೋಡಿ ಬರೆದುಕೊಳ್ಳಿ.