ಡಾ. ಮುತ್ತುಲಕ್ಷ್ಮಿ ರೆಡ್ಡಿ: ಶಾಲೆಯ ಭಾಷಣದಲ್ಲಿ ತಾಯಿಯ ವಿಷಯ ಹೇಳಬಹುದೇ?

ಪ್ರಶ್ನೆ (ಬಿಜೈ ಟೀಚರ್, ಮಂಗಳೂರು):
ಜುಲೈ 1ರ ವೈದ್ಯರ ದಿನಕ್ಕಾಗಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮುತ್ತುಲಕ್ಷ್ಮಿ ರೆಡ್ಡಿಯವರ ಕುರಿತು ಭಾಷಣ ಬರೆದಿದ್ದಾಳೆ. 1886ರಲ್ಲಿ ಪುದುಕೋಟೆಯಲ್ಲಿ ಜನನ, 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಪದವಿ, 1956ರಲ್ಲಿ ಪದ್ಮಭೂಷಣ, ಎಲ್ಲವೂ ಇದೆ. ಆದರೆ ‘ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು’ ಎಂಬ ಸಾಲಿಗೆ ಸಹೋದ್ಯೋಗಿಯೊಬ್ಬರು ಕೆಂಪು ಶಾಯಿಯಲ್ಲಿ ಗೀಟೆಳೆದು, ಪಕ್ಕದಲ್ಲಿ ‘ಬೇಡ’ ಎಂದು ಬರೆದಿದ್ದಾರೆ. ಪೋಷಕರು ಕುಳಿತಿರುವ ಸಭೆ ಎಂಬುದು ಅವರ ಅಳುಕು. ಸಾಲನ್ನು ಬಿಡಬಹುದೇ? ನಮ್ಮ ಜಿಲ್ಲೆಗೂ ಅವರಿಗೂ ಏನಾದರೂ ನಂಟಿದೆಯೇ?

ಉತ್ತರ 1 (ನಿವೃತ್ತ ಉಪನ್ಯಾಸಕ, ಉಡುಪಿ):
ಟೀಚರ್, ಆ ಸಾಲನ್ನು ತೆಗೆದರೆ ಉಳಿಯುವುದು ಬರೀ ಇಸವಿಗಳು. ತಂದೆ ನಾರಾಯಣಸ್ವಾಮಿ ಅಯ್ಯರ್ ಪುದುಕೋಟೆಯ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದರೂ ಮಗಳನ್ನು ಅಲ್ಲಿ ಸೇರಿಸಲು ಮಹಾರಾಜರ ಅಪ್ಪಣೆಯೇ ಬೇಕಾಯಿತು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾಗುವಾಗ, ತನ್ನನ್ನು ಸರಿಸಮಾನಳೆಂದು ಕಾಣಬೇಕು, ತನ್ನ ಇಚ್ಛೆಗೆ ಅಡ್ಡಬರಬಾರದು ಎಂದು ಅವರು ಮೊದಲೇ ಮಾತು ಪಡೆದಿದ್ದರು. ಮುಂದೆ ಮದ್ರಾಸ್ ಶಾಸನ ಪರಿಷತ್ತಿನ ಉಪಾಧ್ಯಕ್ಷೆಯಾದಾಗ ಅವರು ಕೈಹಾಕಿದ್ದು ತಾಯಿಯ ಬದುಕನ್ನು ಕಟ್ಟಿಹಾಕಿದ್ದ ಪದ್ಧತಿಗೇ. ದೇವಸ್ಥಾನದ ಸೇವೆ ಮಾಡಿದರಷ್ಟೇ, ಅದಕ್ಕಾಗಿ ಕೊಟ್ಟ ಇನಾಂ ಭೂಮಿ ದೇವದಾಸಿಯರ ಕೈಯಲ್ಲಿ ಉಳಿಯುತ್ತಿತ್ತು. ಭೂಮಿಯ ಆಸೆಗೆ ಹೆಣ್ಣುಮಕ್ಕಳನ್ನು ಮತ್ತೆ ಸೇವೆಗೆ ಬಿಡುತ್ತಿದ್ದರು. ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ಅವರು ತಂದ 1929ರ ತಿದ್ದುಪಡಿ ಆ ಷರತ್ತನ್ನು ಕಳಚಿ, ಭೂಮಿಯನ್ನು ಅವರಿಗೇ ಉಳಿಸಿತು. ಬರಿಯ ನಿಷೇಧಕ್ಕಿಂತ ಇದು ಜಾಣತನದ ಹೆಜ್ಜೆ ಎಂಬುದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಸಮರ್ಪಣೆಯನ್ನೇ ನಿಷೇಧಿಸಿದ ಮದ್ರಾಸ್ ಕಾಯಿದೆ ಬಂದದ್ದು 1947ರಲ್ಲಿ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೇ ಸೇರಿತ್ತಾದ್ದರಿಂದ ಅದು ನಮ್ಮೂರ ಕಾಯಿದೆಯೂ ಆಗಿತ್ತು.

ಉತ್ತರ 2 (ಕೊಡಿಯಾಲ್‌ಬೈಲ್ ಓದುಗ):
ಮಂಗಳೂರಿನ ನಂಟು ಇನ್ನೂ ಒಂದಿದೆ. 1926ರಲ್ಲಿ ಅದೇ ಪರಿಷತ್ತಿಗೆ ನಮ್ಮೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಮುತ್ತುಲಕ್ಷ್ಮಿಯವರು ನಾಮಕರಣಗೊಂಡು ಒಳಹೋದರು. 1930ರಲ್ಲಿ ಗಾಂಧೀಜಿಯವರ ಬಂಧನವಾದಾಗ ಆ ಸ್ಥಾನವನ್ನೂ ಬಿಟ್ಟರು.

ಉತ್ತರ 3 (ನಿವೃತ್ತ ದಾದಿ, ಮಣಿಪಾಲ):
ತಂಗಿಯ ವಿಷಯವೂ ಬರಲಿ ಟೀಚರ್. ಆಕೆ ಕ್ಯಾನ್ಸರಿಗೆ ಬಲಿಯಾದದ್ದನ್ನು ಕಣ್ಣಾರೆ ಕಂಡ ಮುತ್ತುಲಕ್ಷ್ಮಿಯವರು ದಶಕಗಳ ನಂತರ, 1954ರಲ್ಲಿ, ಅಡ್ಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ತೆರೆದರು, ಮಗ ಡಾ. ಕೃಷ್ಣಮೂರ್ತಿ ಮತ್ತು ಡಾ. ವಿ. ಶಾಂತಾ ಅದನ್ನು ಬೆಳೆಸಿದರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲೂ ರೋಗಿಯ ಕಡೆಯವರು ‘ಕ್ಯಾನ್ಸರ್’ ಎನ್ನದೆ, ವಾರ್ಡಿನ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ ‘ಆ ಕಾಯಿಲೆಯೇ ಸಿಸ್ಟರ್?’ ಎಂದು ಪಿಸುಗುಟ್ಟುತ್ತಿದ್ದರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಸಹೋದ್ಯೋಗಿಗೂ ಇದನ್ನು ಓದಿಸಿದೆ. ಅವರೇ ‘ಬೇಡ’ ಎಂಬುದನ್ನು ಹೊಡೆದುಹಾಕಿದರು. ತಾಯಿ, ಭೂಮಿ, ತಂಗಿ ಮೂವರಿಗೂ ಜಾಗ ಬೇಕು, ಇರುವುದು ನಾಲ್ಕೇ ನಿಮಿಷ. ಹುಡುಗಿ ಪದ್ಮಭೂಷಣದ ಸಾಲನ್ನು ಬಿಟ್ಟಿದ್ದಾಳೆ.