ಶ್ರೀಲಂಕಾ ಕಡಲತೀರದ ಸ್ಟಡಿ ಟೂರ್: ಘಟ್ಟದ ಮೇಲಿನವರು ಏನು ತಯಾರಿ ಮಾಡ್ಕೋಬೇಕು?

ಮಳೆಯೂರ ಹುಡುಗಿ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಜನವರಿಯಲ್ಲಿ ನಮ್ಮ ಕ್ಲಾಸು ಶ್ರೀಲಂಕಾಕ್ಕೆ ಹೊರಟಿದೆ. ನೆಗೊಂಬೊ, ಮಿರಿಸ್ಸ, ರೆಕಾವ, ಬುಂದಾಲ. ಒಬ್ಬೊಬ್ಬರೂ ಒಂದು ಸಣ್ಣ ಪ್ರಾಜೆಕ್ಟ್ ಮಾಡಬೇಕಂತೆ. ನನಗೆ ಕಪ್ಪೆ, ಉಂಬಳ, ಮಂಡಗದ್ದೆ ಹಕ್ಕಿ ಗೊತ್ತು. ಕಡಲು ಅಂದರೆ ಮಲ್ಪೆಯಲ್ಲಿ ಕಾಲು ನೆನೆಸಿದ್ದಷ್ಟೇ! ಇಳಿತದ ಹೊತ್ತಿಗೆ ಬಂಡೆ ಮೇಲಿನ ಜೀವಿಗಳನ್ನು ಎಣಿಸೋಣ ಅಂತಿದ್ದೇನೆ. ಆಗುತ್ತಾ? ಅಮ್ಮನಿಗೆ ಮಾತ್ರ ಅಲ್ಲಿ ಊಟ ಏನು ಅನ್ನೋದೇ ಚಿಂತೆ.

ಕೊಪ್ಪದ ಕಾಫಿ:
ಜನವರಿ ಒಳ್ಳೆ ಟೈಮು. ನಮಗೆ ಮಳೆ ತರುವ ಮುಂಗಾರೇ ಅವರ ನೈಋತ್ಯ ದಡಕ್ಕೂ ಬಡಿಯುತ್ತದೆ, ಜೂನಲ್ಲಿ ಹೋದರೆ ಮಿರಿಸ್ಸದ ಕಡಲು ಒರಟು. ಈಗಾದರೆ ನೀಲಿ ತಿಮಿಂಗಿಲ ಕಾಣುವ ಸಾಧ್ಯತೆ ಜಾಸ್ತಿ. ಬೆಳಗಿನ ಬೋಟಿಗೆ ಮುಂಚೆ ವಾಂತಿ ಮಾತ್ರೆ ನುಂಗಿ. ಊಟಕ್ಕೆ ಒತ್ತುಶ್ಯಾವಿಗೆ, ತೆಂಗಿನಹಾಲಿನ ಬೇಳೆಸಾರು ಸಿಗುತ್ತದೆ. ಸಸ್ಯಾಹಾರಿ ಆದರೆ ಕಾಯಿಚಟ್ನಿ ಕೇಳಿ ತಿನ್ನಿ, ಒಣಮೀನಿನ ಪುಡಿ ಹಾಕಿರುತ್ತಾರೆ.

ಹೊಳೆಬಾಗಿಲು:
ಬಂಡೆ ಪ್ರಾಜೆಕ್ಟ್ ಬಿಡು ಮಾರಾಯ್ತಿ. ಕಾರವಾರದ ಕಡೆ ಅಮಾವಾಸ್ಯೆ, ಹುಣ್ಣಿಮೆಗೆ ನೀರು ಎರಡು ಮೀಟರ್ ಹತ್ತಿರ ಏರಿ ಇಳಿಯುತ್ತದೆ. ಶ್ರೀಲಂಕಾದಲ್ಲಿ ಒಂದು ಮೀಟರೂ ಇಲ್ಲ. ಇಳಿತದಲ್ಲಿ ಬಿಟ್ಟುಕೊಡುವ ಬಂಡೆ ಒಂದು ಪಟ್ಟಿಯಷ್ಟೇ, ಅದರ ಮೇಲೂ ಅಲೆ ಬಡಿಯುತ್ತಿರುತ್ತದೆ. ಅಲ್ಲಿ ಕೂತು ಏನು ಎಣಿಸ್ತೀಯ?

ನೆಗೊಂಬೊ ಹಿನ್ನೀರಿನ ಕಾಂಡ್ಲಾ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ಅದನ್ನು ಹಿಡಿ. ಅದಕ್ಕೂ ಮುಂಚೆ ಒಂದು ಭಾನುವಾರ ಸಾಗರ, ಜೋಗ, ಗೇರುಸೊಪ್ಪೆ ದಾಟಿ ಹೊನ್ನಾವರಕ್ಕೆ ಇಳಿ. ನಮ್ಮ ಶರಾವತಿ ಕಡಲು ಸೇರುವಲ್ಲಿ, ಕಾಸರಕೋಡಿನಲ್ಲಿ ಕಾಂಡ್ಲಾ ನಡುವೆ ನಡೆಯಲು ಹಲಗೆ ದಾರಿ ಇದೆ. ಕಾಂಡ್ಲಾ ಮರಗಳಲ್ಲಿ ರೈಜೋಫೊರಾ ಕಮಾನಿನಂಥ ಊರುಬೇರು ಬಿಡುತ್ತದೆ. ಅವಿಸೆನ್ನಿಯಾದ ಬೇರು ಕೆಸರಿನಿಂದ ಪೆನ್ಸಿಲ್ ಹಾಗೆ ಮೇಲೆದ್ದಿರುತ್ತದೆ, ಉಸಿರಾಟ ಅದರಲ್ಲೇ. ಎರಡೂ ಜಾತಿ ನೆಗೊಂಬೊದಲ್ಲೂ ಇವೆ. ಪಿವಿಸಿ ಪೈಪಿನಲ್ಲಿ 50 ಸೆಂ.ಮೀ. ಚೌಕ ಮಾಡ್ಕೊಂಡು, ಯಾವ ಮರದ ಬುಡದಲ್ಲಿ ಏಡಿ ಬಿಲ ಎಷ್ಟು ಅಂತ ಬರೆದುಕೋ. ಅದೇ ಚೌಕ ಬ್ಯಾಗಿಗೆ ಹಾಕ್ಕೊಂಡು ಅಲ್ಲೂ ಎಣಿಸು. ಎರಡು ಊರಿನ ಲೆಕ್ಕ ಕೈಯಲ್ಲಿರುತ್ತದೆ.

ಕೆಸರಿಗೆ ಗಮ್ ಬೂಟು ಬೇಡ, ಒಳಗೇ ಉಳಿದು ಕಾಲು ಮಾತ್ರ ಬರುತ್ತದೆ. ಲೇಸ್ ಕಟ್ಟುವ ಹಳೇ ಕ್ಯಾನ್ವಾಸ್ ಸಾಕು. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಟೂರ್ ಬಸ್ಸಿನವರು ಇದನ್ನೆಲ್ಲ ಕೇಳಲ್ಲ, ವೇಳಾಪಟ್ಟಿ ಈಗಲೇ ಮೇಷ್ಟ್ರ ಕೈಗೆ ಕೊಡು.

ಮಳೆಯೂರ ಹುಡುಗಿ:
ಅಣ್ಣಾ, ಏಡಿ ಬಿಲ ಅಂದರೆ ಸುಲಭ ಅನಿಸ್ತು, ಗದ್ದೆ ಅಂಚಲ್ಲಿ ಬೇಕಾದಷ್ಟು ನೋಡಿದ್ದೇನೆ. ರೆಕಾವದಲ್ಲಿ ಆಮೆ ಫೋಟೊ ತೆಗೀಬಹುದಾ?

ಹೊಳೆಬಾಗಿಲು:
ಫ್ಲಾಶ್ ಹಾಕಲೇಬೇಡ. ಮೊಟ್ಟೆ ಇಡಲು ಬಂದದ್ದು ಬೆಳಕು ಕಂಡರೆ ವಾಪಸ್ ಕಡಲಿಗೆ ಹೋಗಿಬಿಡುತ್ತದೆ. ಜಗತ್ತಿನ ಏಳು ಜಾತಿ ಕಡಲಾಮೆಯಲ್ಲಿ ಐದು ಶ್ರೀಲಂಕಾ ದಡಕ್ಕೆ ಬರುತ್ತವೆ, ರೆಕಾವದಲ್ಲಿ ಹಸಿರು ಆಮೆಯೇ ಜಾಸ್ತಿ. ದೂರ ಕೂತು ನೋಡು. ಮತ್ತೆ ಹವಳದ ಚೂರು ಚಂದ ಅಂತ ಬ್ಯಾಗಿಗೆ ಹಾಕ್ಕೋಬೇಡ, ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳ್ತೀಯ. ಹೊನ್ನಾವರಕ್ಕೆ ಹೋಗೋ ದಿನ ಹೇಳು, ನಾನೂ ಸಾಗರದಲ್ಲಿ ಬಸ್ ಹತ್ತುತ್ತೇನೆ.